ದೆಹಲಿಯ ಲೋಧಿ ಕಾಲೊನಿಯ ಭಿತ್ತಿಚಿತ್ರಗಳು

ದೆಹಲಿಗೆ ಹೋಗುವ ನಮ್ಮ ನಾಡಿನ ಕುಟುಂಬಗಳು ಸಾಮಾನ್ಯವಾಗಿ ಕೆಂಪುಕೋಟೆ, ಕುತುಬ್ ಮಿನಾರ್, ರಾಜಘಾಟ್ ಇವಿಷ್ಟನ್ನು ಸಂದರ್ಶಿಸಿ, ಕರೋಲ್‌ಬಾಗಿನಲ್ಲಿ ಒಂದಿಷ್ಟು ಬಟ್ಟೆಬರೆ ಕೊಂಡು ರೈಲು ಹತ್ತುವುದು ರೂಢಿ. ಅದೇ ನಗರದಲ್ಲಿ ಪ್ರವೇಶಶುಲ್ಕವಿಲ್ಲದ, ಬಾಗಿಲಿಲ್ಲದ, ವಾರದ ರಜೆಯೂ ಇಲ್ಲದ ಚಿತ್ರಶಾಲೆಯೊಂದಿದೆ. ಅದು ಯಾವ ಕಟ್ಟಡದ ಒಳಗೂ ಇಲ್ಲ. ಕಟ್ಟಡಗಳ ಹೊರಗೋಡೆಗಳ ಮೇಲೆಯೇ ಇದೆ. ಅದನ್ನು ನೋಡಲು ಬೇಕಾದುದು ಎರಡು ಗಟ್ಟಿ ಕಾಲು ಮತ್ತು ಸ್ವಲ್ಪ ಬಿಡುವು ಮಾತ್ರ. ಕಳೆದ ಬಾರಿ ರಾಜಧಾನಿಗೆ ಹೋದಾಗ ನಾವು ಒಂದು ಮುಂಜಾನೆಯನ್ನು ಇದಕ್ಕಾಗಿಯೇ ಮೀಸಲಿಟ್ಟೆವು. ಆ ನಡಿಗೆಯಲ್ಲಿ ಕಂಡುದನ್ನೂ, ನಡೆಯುತ್ತ ಮನಸ್ಸಿನಲ್ಲಿ ಎದ್ದ ವಿಚಾರಗಳನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಆ ಸ್ಥಳದ ಹೆಸರು ಲೋಧಿ ಕಾಲೊನಿ. ಜೋರ್ ಬಾಗ್ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ನಡೆದೇ ಹೋಗಬಹುದು. ಸರ್ಕಾರಿ ನೌಕರರ ವಾಸಕ್ಕಾಗಿ 1940ರ ದಶಕದಲ್ಲಿ ನಿರ್ಮಾಣಗೊಂಡ ಈ ಬಡಾವಣೆಯು, ಬ್ರಿಟಿಷರು ಹೊಸದೆಹಲಿಯಲ್ಲಿ ಕಟ್ಟಿಸಿದ ಕಡೆಯ ವಸತಿಗಳಲ್ಲಿ ಒಂದು. ಅಗಲವಾದ ಕಾಲುದಾರಿಗಳು, ನೆರಳು ಕೊಡುವ ಮರಗಳು, ಒಳಗೆ ಅಂಗಳ, ಅಂಗಳಕ್ಕೆ ಹೋಗಲು ಎತ್ತರದ ಕಮಾನು, ಕಮಾನಿನ ಎಡಬಲಕ್ಕೆ ಕಿಟಕಿಗಳಿಲ್ಲದ ವಿಶಾಲವಾದ ಗೋಡೆ, ಇದು ಇಲ್ಲಿನ ಕಟ್ಟಡಗಳ ಸ್ವರೂಪ. ಕನ್ನಡಿಗರಿಗೆ ಈ ಪ್ರದೇಶ ಅಪರಿಚಿತವಲ್ಲ. ದೆಹಲಿ ಕನ್ನಡ ಶಾಲೆಯು ಪಕ್ಕದ ಲೋಧಿ ಎಸ್ಟೇಟಿನಲ್ಲಿದೆ.

ಈ ಖಾಲಿ ಗೋಡೆಗಳು ಚಿತ್ರಶಾಲೆಯಾದ ಬಗೆ ಸ್ವಾರಸ್ಯಕರವಾಗಿದೆ. 2014ರಲ್ಲಿ ಕೆಲವು ಯುವಕ ಯುವತಿಯರು ಸೇರಿ ಸ್ಟಾರ್ಟ್ ಇಂಡಿಯಾ ಫೌಂಡೇಷನ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅದೇ ವರ್ಷ ಐ.ಟಿ.ಒ. ವೃತ್ತದ ಬಳಿ, ಆಗಿನ ಪೊಲೀಸ್ ಪ್ರಧಾನ ಕಛೇರಿಯ ಗೋಡೆಯ ಮೇಲೆ ಮಹಾತ್ಮ ಗಾಂಧಿಯವರ ಬೃಹತ್ ಚಿತ್ರವೊಂದು ಮೂಡಿತು. ಅದರ ಎತ್ತರ ಸುಮಾರು 150 ಅಡಿ. ಜರ್ಮನಿಯ ಹೆಂಡ್ರಿಕ್ ಬೈಕಿರ್ಶ್ ಮತ್ತು ನಮ್ಮ ದೇಶದ ಅನ್ಪು ವರ್ಕಿ ಎಂಬ ಕಲಾವಿದೆ ಸೇರಿ ಅದನ್ನು ರಚಿಸಿದರು. ಮರುವರ್ಷದ ಚಳಿಗಾಲದಿಂದ ಇದೇ ಸಂಸ್ಥೆಯ ದೃಷ್ಟಿ ಲೋಧಿ ಕಾಲೊನಿಯತ್ತ ಹರಿಯಿತು. ಸಂಬಂಧಪಟ್ಟ ಸರ್ಕಾರಿ ಇಲಾಖೆಗಳು ಅನುಮತಿ ನೀಡಿದವು. ಬಣ್ಣದ ಕಂಪನಿಯಾದ ಏಷ್ಯನ್ ಪೇಂಟ್ಸ್ ನೆರವಾಯಿತು. ದೇಶವಿದೇಶಗಳ ಕಲಾವಿದರು ಬಂದು, ಅಟ್ಟಣಿಗೆಯೇರಿ, ವರ್ಷ ವರ್ಷವೂ ಒಂದೊಂದಾಗಿ ಗೋಡೆಗಳನ್ನು ತುಂಬಿದರು. ಖನ್ನಾ ಮಾರುಕಟ್ಟೆಗೂ ಮೆಹರ್‌ಚಂದ್ ಮಾರುಕಟ್ಟೆಗೂ ನಡುವೆ ಐವತ್ತಕ್ಕೂ ಹೆಚ್ಚು ಚಿತ್ರಗಳು ಈ ರೀತಿ ರೂಪುಗೊಂಡಿವೆ.

ಈ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಹನೀಫ್ ಕುರೇಶಿ ಗುಜರಾತಿನವರು. ಅಂಗಡಿಗಳ ನಾಮಫಲಕಗಳನ್ನು ಕುಂಚದಿಂದ ಬರೆಯುವವರ ಕಸುಬು ಗಣಕಯಂತ್ರದ ಮುದ್ರಣದಿಂದಾಗಿ ನಶಿಸುತ್ತಿರುವುದನ್ನು ಕಂಡು, ಆ ಬರಹಗಾರರ ಕೈಯ ಅಕ್ಷರಗಳನ್ನು ಸಂಗ್ರಹಿಸಿ ಗಣಕದಲ್ಲಿ ಬಳಸುವ ಅಕ್ಷರಮಾಲೆಗಳನ್ನಾಗಿ ಉಳಿಸುವ ಕಾರ್ಯವನ್ನು ಅವರು ಕೈಗೊಂಡಿದ್ದರು. 2024ರ ಸೆಪ್ಟೆಂಬರಿನಲ್ಲಿ, ಇನ್ನೂ ನಲವತ್ತರ ಆಸುಪಾಸಿನ ವಯಸ್ಸಿನಲ್ಲಿಯೇ, ಅವರು ತೀರಿಕೊಂಡರು. ಬೀದಿಯ ಬರಹಗಾರನೂ ಕಲಾವಿದನೇ ಎಂಬ ಗೌರವಬುದ್ಧಿ ಈ ಇಡೀ ಕಾರ್ಯದ ಮೂಲದಲ್ಲಿತ್ತೆಂಬುದನ್ನು ಮರೆಯಲಾಗದು.

ನಾವು ಹೋದದ್ದು ಬೆಳಗಿನ ಹೊತ್ತು. ಹಾಲಿನವನು ಸೈಕಲ್ಲನ್ನು ಒರಗಿಸಿದ್ದ ಗೋಡೆಯ ಮೇಲೆ ದೈತ್ಯಾಕಾರದ ಹಕ್ಕಿಗಳು ಬಣ್ಣಬಣ್ಣದ ಗರಿಗಳನ್ನು ಹರಡಿಕೊಂಡು ಕುಳಿತಿದ್ದವು. ಅವು ಸೆಂಕೋ ಎಂಬ ಮೆಕ್ಸಿಕೋ ದೇಶದ ಕಲಾವಿದನ ಕೃತಿ. ಇನ್ನೊಂದೆಡೆ, ಜಪಾನಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿರುವ ಐಕೋ ಎಂಬ ಕಲಾವಿದೆ ಝಾನ್ಸಿಯ ರಾಣಿ ಲಕ್ಷ್ಮೀಬಾಯಿಯಿಂದ ಸ್ಫೂರ್ತಿ ಪಡೆದು ರಚಿಸಿದ ಚಿತ್ರ. ಆಕೆಯದು ಅಚ್ಚುಹಾಳೆಗಳನ್ನು ಕತ್ತರಿಸಿ, ಅವುಗಳ ಮೂಲಕ ಬಣ್ಣ ಹಾಯಿಸುವ ವಿಧಾನ. ನಮ್ಮ ಹೆಣ್ಣುಮಕ್ಕಳು ತೂತಿನ ತಟ್ಟೆಯಿಂದ ರಂಗೋಲಿಯ ಅಚ್ಚು ಒತ್ತುವುದಕ್ಕೂ ಇದಕ್ಕೂ ತತ್ತ್ವ ಒಂದೇ.

ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಡಾಕು ಎಂಬ ಗುಪ್ತನಾಮದ ಕಲಾವಿದನ ಗೋಡೆ. ಅಲ್ಲಿ ಬಣ್ಣದ ಆರ್ಭಟವಿಲ್ಲ. ಗೋಡೆಯಿಂದ ಹೊರಚಾಚಿದ ಅಕ್ಷರಗಳನ್ನು ಸಾಲಾಗಿ ಜೋಡಿಸಲಾಗಿದೆ. ಬಿಸಿಲು ಬಿದ್ದಾಗ ಅವುಗಳ ನೆರಳೇ ಗೋಡೆಯ ಮೇಲೆ ಇಂಗ್ಲಿಷ್ ಪದಗಳಾಗಿ ಬರೆಯಲ್ಪಡುತ್ತದೆ. ಸೂರ್ಯನು ಚಲಿಸಿದಂತೆ ಬರಹವೂ ವಾಲುತ್ತದೆ, ನೀಳವಾಗುತ್ತದೆ, ಕಡೆಗೆ ಮಾಯವಾಗುತ್ತದೆ. ಮೋಡ ಕವಿದ ದಿನ ಅಲ್ಲಿ ಓದಲು ಏನೂ ಇರದು. ಕಾಲವು ಎಲ್ಲವನ್ನೂ ಬದಲಿಸುತ್ತದೆ ಎಂಬುದೇ ಆ ಕೃತಿಯ ಹೆಸರು, ಅದೇ ಅದರ ಅರ್ಥ. ದೊಡ್ಡ ಗ್ರಂಥಗಳು ವಿವರಿಸುವ ಅನಿತ್ಯತೆಯನ್ನು ಒಂದು ಗೋಡೆಯು ದಿನವೂ ಮೌನವಾಗಿ ಪಾಠ ಹೇಳುತ್ತಿರುವುದನ್ನು ಕಂಡು ನಮಗೆ ಸಂತೋಷವೂ ವಿಸ್ಮಯವೂ ಆಯಿತು.

ಉಳಿದ ಚಿತ್ರಗಳೂ ಶಾಶ್ವತವಲ್ಲ. ದೆಹಲಿಯ ಉರಿಬಿಸಿಲಿಗೆ ಬಣ್ಣ ಮಾಸುತ್ತದೆ, ಮಳೆಗಾಲದ ತೇವಕ್ಕೆ ಗಾರೆ ಉಬ್ಬಿ ಸಿಪ್ಪೆಯೇಳುತ್ತದೆ. ಕೆಲವು ಗೋಡೆಗಳಲ್ಲಿ ಆ ಗುರುತುಗಳು ಈಗಲೇ ಕಾಣುತ್ತವೆ. ವಸ್ತುಸಂಗ್ರಹಾಲಯದ ಚಿತ್ರಕ್ಕೆ ಗಾಜಿನ ರಕ್ಷಣೆಯಿದೆ, ಕಾವಲುಗಾರನಿದ್ದಾನೆ. ಬೀದಿಯ ಚಿತ್ರಕ್ಕೆ ಇರುವ ರಕ್ಷಣೆ ಒಂದೇ: ಅದರ ಪಕ್ಕದಲ್ಲಿ ಬಾಳುವವರ ಒಪ್ಪಿಗೆ.

ಈ ಒಪ್ಪಿಗೆಯ ವಿಚಾರವನ್ನು ನಾವು ಗಂಭೀರವಾಗಿ ಆಲೋಚಿಸಬೇಕಾಗಿದೆ. ಲೋಧಿ ಕಾಲೊನಿಯಿಂದ ಸ್ವಲ್ಪ ದೂರದಲ್ಲಿಯೇ ಲೋಧಿ ಉದ್ಯಾನವಿದೆ. ಅಲ್ಲಿ ಹದಿನೈದು ಹದಿನಾರನೆಯ ಶತಮಾನದ ಸುಲ್ತಾನರ ಗೋರಿಗಳಿವೆ. ಇಂಥ ಪ್ರಾಚೀನ ಕಟ್ಟಡಗಳ ಮೇಲೆ ಮೊಳೆಯಿಂದ ಹೆಸರು ಕೆತ್ತುವ ದುರಭ್ಯಾಸ ನಮ್ಮ ದೇಶದಲ್ಲಿ ಎಲ್ಲೆಡೆ ಇದೆ. ಹಂಪೆ ಬಾದಾಮಿಗಳೂ ಇದರಿಂದ ಪಾರಾಗಿಲ್ಲ. ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಇಲ್ಲವೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು 2010ರ ಕಾನೂನು ತಿದ್ದುಪಡಿಯು ಅವಕಾಶ ನೀಡಿದೆ. ದೆಹಲಿಯ ಇತರ ಗೋಡೆಗಳ ರಕ್ಷಣೆಗೂ 2007ರ ಪ್ರತ್ಯೇಕ ಕಾಯಿದೆಯಿದೆ. ಬಣ್ಣ ಅದೇ, ಗೋಡೆ ಅದೇ. ಒಂದೆಡೆ ಕೊಡುಗೆಯಾಗುವುದು ಇನ್ನೊಂದೆಡೆ ಅಪರಾಧವಾಗುತ್ತದೆ. ನಡುವಣ ವ್ಯತ್ಯಾಸವು ಕೇಳಿ ಬರೆದರೇ, ಕೇಳದೆ ಬರೆದರೇ ಎಂಬುದರಲ್ಲಿದೆ.

ಆದರೆ ಒಪ್ಪಿಗೆಯ ಹೆಸರಿನಲ್ಲಿ ಬಲಾತ್ಕಾರವೂ ನಡೆಯಬಹುದು. 2016ರ ಮೇ ತಿಂಗಳಲ್ಲಿ ಇದೇ ದೆಹಲಿಯ ಶಾಹದರಾ ಪ್ರದೇಶದಲ್ಲಿ ಇಬ್ಬರು ಕಲಾವಿದರು ಗೋಡೆಯೊಂದರ ಮೇಲೆ ದೆಹಲಿಯನ್ನು ಕುರಿತ ಉರ್ದು ದ್ವಿಪದಿಯನ್ನು ಬರೆಯುತ್ತಿದ್ದರು. ಕೆಲವರು ಗುಂಪುಗೂಡಿ ಅವರನ್ನು ತಡೆದು, ಬರೆದುದನ್ನು ಅಳಿಸಿಹಾಕಿದರು. ಆಕ್ಷೇಪ ಉರ್ದು ಲಿಪಿಯ ಮೇಲೆ. ಆ ಭಾಷೆಯಾದರೋ ದೆಹಲಿಯ ಮಣ್ಣಿನಲ್ಲಿಯೇ ಬೆಳೆದದ್ದು. ನೆರೆಹೊರೆಯವರ ಸಮ್ಮತಿ ಬೇರೆ, ಗುಂಪಿನ ಗದ್ದಲ ಬೇರೆ. ಗೋಡೆ ಎಲ್ಲರದು ಎನ್ನುವಾಗ ಆ 'ಎಲ್ಲರ'ಲ್ಲಿ ಯಾರು ಯಾರು ಸೇರುತ್ತಾರೆಂಬುದನ್ನು ಪ್ರತಿಯೊಂದು ಊರೂ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಗೋಡೆಯನ್ನು ಚಿತ್ರದಿಂದ ಸಿಂಗರಿಸುವುದು ಪರದೇಶದಿಂದ ಬಂದ ಸಂಪ್ರದಾಯವೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಮಲೆನಾಡಿನ ಸಾಗರ ಸೊರಬಗಳ ಕಡೆ ದೀವರ ಹೆಣ್ಣುಮಕ್ಕಳು ಮದುವೆ ಹಬ್ಬಗಳಲ್ಲಿ ಮನೆಯ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳುಪು, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಇವು ಬಣ್ಣ. ಪುಂಡಿ ನಾರೇ ಕುಂಚ. ಬೆಂಗಳೂರಿನಲ್ಲಿಯೂ 2009ರ ಸುಮಾರಿಗೆ ಆಗಿನ ಮಹಾನಗರ ಪಾಲಿಕೆಯು ಮುಖ್ಯರಸ್ತೆಗಳ ಗೋಡೆಗಳ ಮೇಲೆ ನಾಡಿನ ಸ್ಮಾರಕ, ವನ್ಯಮೃಗ, ಜಲಪಾತಗಳನ್ನು ಬರೆಸಿತು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರ ಕೈಗೆ ಆಗ ಮತ್ತೆ ಕುಂಚ ಬಂದಿತು. 2015ರಲ್ಲಿ ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ನೀರು ತುಂಬಿದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿಯನ್ನಿಟ್ಟರು. ಜನ ನಕ್ಕರು, ಗುಂಡಿ ಮುಚ್ಚಿತು. ಹತ್ತು ಅರ್ಜಿಗಳು ಮಾಡಲಾರದ ಕೆಲಸವನ್ನು ಒಂದು ಬೀದಿಕಲೆ ಮಾಡಿದ ಉದಾಹರಣೆಯಿದು.

ಲೋಧಿ ಕಾಲೊನಿಗೆ ಹೋಗುವವರಿಗೆ ನಮ್ಮ ಕೆಲವು ಸೂಚನೆಗಳಿವೆ. ಚಳಿಗಾಲದ ಬಿಸಿಲೇರಿದ ಬೆಳಗು ಪ್ರಶಸ್ತವಾದ ಸಮಯ. ವಾಹನವನ್ನು ದೂರ ನಿಲ್ಲಿಸಿ ನಡೆಯಿರಿ. ಪ್ರತಿ ಚಿತ್ರವನ್ನೂ ಮೊದಲು ರಸ್ತೆಯ ಆಚೆ ಬದಿಯಿಂದ ಇಡಿಯಾಗಿ ನೋಡಿ, ಆಮೇಲೆ ಹತ್ತಿರ ಹೋಗಿ ಕುಂಚದ ಗೆರೆಗಳನ್ನು ಗಮನಿಸಿ. ಕಮಾನಿನ ಒಳಗಿರುವುದು ಸಂಸಾರಸ್ಥರ ಮನೆಗಳು. ಅಂಗಳದೊಳಕ್ಕೆ ಇಣುಕುವುದಾಗಲಿ, ಕೇಳದೆ ಅಲ್ಲಿಯವರ ಛಾಯಾಚಿತ್ರ ತೆಗೆಯುವುದಾಗಲಿ ಸಲ್ಲದು. ಜೊತೆಯಲ್ಲಿ ಮಕ್ಕಳಿದ್ದರೆ ಚಿತ್ರದ ಅರ್ಥವನ್ನು ನೀವೇ ಹೇಳಿಬಿಡಬೇಡಿ. ಏನು ಕಾಣಿಸಿತೆಂದು ಅವರನ್ನು ಕೇಳಿ.

ಬಡವನಿಗೂ ಬಲ್ಲಿದನಿಗೂ, ಓದಿದವನಿಗೂ ಓದದವನಿಗೂ ಒಂದೇ ಎತ್ತರದಲ್ಲಿ ಕಾಣುವ ಕಲೆ ಇದು. ಬೀದಿ ಗುಡಿಸುವ ತಾಯಿ ತನ್ನ ಕೆಲಸದ ನಡುವೆ ತಲೆಯೆತ್ತಿ ನೋಡಿದಷ್ಟು ಹೊತ್ತು ಆ ಚಿತ್ರ ಆಕೆಯದೇ. ಅಂಥ ಗೋಡೆಯೊಂದು ನಮ್ಮ ನಮ್ಮ ಊರಿನಲ್ಲಿಯೂ ಶಾಲೆಯ ಬಳಿಯೋ, ಸಂತೆಯ ಬಯಲಿನಲ್ಲಿಯೋ ಖಾಲಿ ನಿಂತಿರಬಹುದು. ಅದರ ಮೇಲೆ ಜಾಹೀರಾತು ಅಂಟುವ ಮೊದಲು ನಾಲ್ಕು ಮನೆಯವರು ಕುಳಿತು ಮಾತನಾಡಿ, ಊರಿನ ಕಲಾವಿದನೊಬ್ಬನನ್ನು ಕರೆದು, ಅವನ ಶ್ರಮಕ್ಕೆ ತಕ್ಕ ಸಂಭಾವನೆ ಕೊಟ್ಟು ಬರೆಸಿದರೆ ಅದು ಸಣ್ಣ ಕೆಲಸವಾಗಲಾರದು.