ಹಣ್ಣಿನ ಕೆಳಗಿನ ಪುಸ್ತಕ

ಸರಕಾರಿ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ‘ತಿರಸ್ಕೃತ’ ಎಂಬ ಷರಾ ಹೊಸದಲ್ಲ. ರಜೆಯ ಅರ್ಜಿಯಿಂದ ಹಿಡಿದು ಮೆಡಿಕಲ್ ಬಿಲ್ಲಿನವರೆಗೆ ಎಷ್ಟೋ ಕಾಗದಗಳು ಆ ಷರಾ ಹೊತ್ತು ನಮ್ಮ ಮೇಜಿಗೆ ಮರಳಿ ಬಂದಿವೆ. ಬೇರೆಯವರ ಕಾಗದಗಳನ್ನು ನಾವೂ ಹಾಗೆಯೇ ಮರಳಿಸಿದ್ದೇವೆ. ಅದಕ್ಕಾಗಿ ಎಂದೂ ನಿದ್ದೆಗೆಟ್ಟವರಲ್ಲ. ಆದರೆ 2013ರ ಕ್ರಿಸ್ಮಸ್ಸಿನ ಮರುದಿನ, ನಾವು ಕೊಟ್ಟ ಒಂದು ಪುಟ್ಟ ಪುಸ್ತಕ ಮರಳಿ ಬಂದಾಗ ಮಾತ್ರ ಬಹಳ ದಿನ ನಿದ್ದೆ ಹತ್ತಲಿಲ್ಲ.

ನಾವು ಮಂಗಳೂರಿನವರು, ಬಾಸೆಲ್ ಮಿಶನ್ ಪರಂಪರೆಯ ಕ್ರೈಸ್ತರು. ಮುಂಬಯಿಗೆ ಬಂದು ಆಂಟಾಪ್ ಹಿಲ್‌ನ ಸರಕಾರಿ ಕ್ವಾರ್ಟರ್ಸಿನಲ್ಲಿ ಬಿಡಾರ ಹೂಡಿದಾಗ ಎದುರು ಮನೆಯಲ್ಲಿ ಧಾರವಾಡದ ರಾಯರ ಸಂಸಾರವಿತ್ತು. ಮಾಧ್ವರು, ಏಕಾದಶಿ ತಪ್ಪಿಸಿದವರಲ್ಲ. ನಮ್ಮ ಮನೆಯ ಕರಿದ ತಿಂಡಿ ಅವರಲ್ಲಿ ನಡೆಯದು. ಅದು ನಮಗೆ ಗೊತ್ತಿತ್ತು. ನಮಗೆ ಗೊತ್ತಿದೆಯೆಂದು ಅವರಿಗೂ ಗೊತ್ತಿತ್ತು. ಯುಗಾದಿಗೆ ಅಲ್ಲಿಂದ ಹೋಳಿಗೆ ಬರುತ್ತಿತ್ತು, ಕ್ರಿಸ್ಮಸ್ಸಿಗೆ ಇಲ್ಲಿಂದ ಹಣ್ಣಿನ ತಟ್ಟೆ ಹೋಗುತ್ತಿತ್ತು. ಉಳಿದ ದಿನಗಳಿಗೆ ಕನ್ನಡವೊಂದೇ ಸಾಕಾಗಿತ್ತು. ಭಾನುವಾರ ಸಂಜೆ ಯಾವುದಾದರೊಂದು ಶಬ್ದದ ಮೇಲೆ ವಾದ ಹುಟ್ಟಿದರೆ, ರಾಯರು ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಕಿಟ್ಟೆಲ್ ನಿಘಂಟನ್ನು ಇಳಿಸಿ ತೀರ್ಪು ಹೇಳುತ್ತಿದ್ದರು.

ಆ ಹಿಂದಿನ ವರ್ಷ ನಮ್ಮ ತಂದೆ ತೀರಿಕೊಂಡಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಕಳೆದ ಹದಿನೇಳು ರಾತ್ರಿಗಳಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಹೊಸ ಒಡಂಬಡಿಕೆ. ಬಾಯಾರಿದಾಗ ನೀರು ಸಿಕ್ಕ ಬಾವಿಯನ್ನು ಪಕ್ಕದ ಮನೆಯವರಿಗೆ ತೋರಿಸದೆ ಇರುವುದು ಹೇಗೆ? ಇಷ್ಟೇ ನಮ್ಮ ಮನಸ್ಸಿನಲ್ಲಿದ್ದದ್ದು. ಆದರೆ ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ. ಅದರ ಒಂದು ಕನ್ನಡ ಪ್ರತಿಯನ್ನು ಬಣ್ಣದ ಕಾಗದದಲ್ಲಿ ಸುತ್ತಿ, ತಟ್ಟೆಯ ತಳದಲ್ಲಿಟ್ಟು, ಮೇಲೆ ಕಿತ್ತಳೆ, ದ್ರಾಕ್ಷಿ ಜೋಡಿಸಿ ಕಳಿಸಿದೆವು.

ಮರುದಿನ ರಾಯರೇ ಬಂದರು. ಕೂರಲಿಲ್ಲ. “ಪುಸ್ತಕ ಛಲೋ ಇರಬಹುದ್ರಿ. ಆದ್ರ ನಮಗ ಬ್ಯಾಡ. ಇನ್ನೊಮ್ಮೆ ಹಿಂಗ ಕಳಸಬ್ಯಾಡ್ರಿ” ಎಂದು ಮೇಜಿನ ಮೇಲಿಟ್ಟು ಹೋದರು. ಮುಂದಿನ ಯುಗಾದಿಗೆ ಹೋಳಿಗೆ ಬರಲಿಲ್ಲ. ಮೆಟ್ಟಿಲ ಮೇಲೆ ಎದುರಾದರೆ ಒಂದು ನಮಸ್ಕಾರ, ಅಷ್ಟೆ. ಭಾನುವಾರದ ವಾದಗಳು ನಿಂತವು.

ಆಗ ನಾವು ಮಾಡಿದ್ದೇನು? ಮೊದಲು ಸಿಟ್ಟಾದೆವು; ಆಮೇಲೆ, ಹೇಳಲು ನಾಚಿಕೆ, ಸ್ವಲ್ಪ ಹೆಮ್ಮೆಯನ್ನೂ ಪಟ್ಟೆವು. ವಿಶ್ವಾಸಕ್ಕಾಗಿ ಕಷ್ಟ ಅನುಭವಿಸಿದವರ ಸಾಲಿಗೆ ಕ್ವಾರ್ಟರ್ಸಿನ ಗುಮಾಸ್ತನೊಬ್ಬ ಸೇರಿದನಲ್ಲ ಎಂಬ ಹೆಮ್ಮೆ! ಪಾದದ ಧೂಳಿಯನ್ನು ಝಾಡಿಸಿಬಿಡಿ ಎಂದು ಯೇಸುಸ್ವಾಮಿ ಶಿಷ್ಯರಿಗೆ ಹೇಳಿದ್ದೂ ನೆನಪಾಯಿತು. ಆದರೆ ಎದುರು ಮನೆಯ ಧೂಳಿಯನ್ನು ಝಾಡಿಸಿ ಹೋಗುವುದಾದರೂ ಎಲ್ಲಿಗೆ? ಕ್ವಾರ್ಟರ್ಸ್ ಬದಲಾಯಿಸುವುದು ಅಷ್ಟು ಸುಲಭವೇ?

ಹೆಮ್ಮೆಗೆ ಮೊದಲ ಪೆಟ್ಟು ಬಿದ್ದದ್ದು ನಮ್ಮ ಸಭೆಯ ಚರಿತ್ರೆಯಿಂದಲೇ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. 1844ರಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾಯ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರೇ ಕೆರಳಿತು. ಹೆಂಡತಿ ಜೊತೆಗೆ ಬರಲಿಲ್ಲ. ಆತ ಬಾಸೆಲಿನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದ. ಭಾನುವಾರದ ಶಾಲೆಯಲ್ಲಿ ಈ ಕಥೆಯನ್ನು ಆತನ ಧೈರ್ಯದ ಕಥೆಯೆಂದೇ ಕೇಳಿ ಬೆಳೆದೆವು. ಧೈರ್ಯ ನಿಜವೇ. ಆದರೆ ಮಗ ಹೊರಟ ಮನೆಯಲ್ಲಿ ಆ ರಾತ್ರಿ ಅಡಿಗೆ ಆಗಿತ್ತೆ ಎಂದು ನಾವು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ‘ಬೇಡ’ ಎಂದವರನ್ನೆಲ್ಲ ಕಲ್ಲೆದೆಯವರ ಪಟ್ಟಿಗೆ ಸೇರಿಸಿಬಿಟ್ಟಿದ್ದೆವು. ಆ ಬೇಡದ ಹಿಂದೆ ಅಂಜಿಕೆಯೂ ಅಳುವೂ ಇರಬಹುದು.

ಎರಡನೆಯ ಪಾಠ ರಾಯರ ಕಪಾಟಿನಲ್ಲಿದ್ದ ಕಿಟ್ಟೆಲರದು. ಅವರು 1853ರಲ್ಲಿ ನಮ್ಮ ನಾಡಿಗೆ ಬಂದದ್ದು ನಿಘಂಟು ಬರೆಯಲೆಂದಲ್ಲ, ಸುವಾರ್ತೆ ಸಾರಲೆಂದು. ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲೇ ಹಾಡಬೇಕೆಂದು 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು. ಇಂದು ಅದನ್ನು ಓದುವವರು ವಿರಳ. ನಾಡು ಅವರ ಕೈಯಿಂದ ಮನಸಾರೆ ಸ್ವೀಕರಿಸಿದ್ದು 1894ರ ನಿಘಂಟನ್ನು. ತಾವು ತಂದದ್ದನ್ನು ಜನ ಒಲ್ಲೆನೆಂದರೆಂದು ಅವರು ಮುನಿಸಿಕೊಂಡು ಕೂರಲಿಲ್ಲ. ಆ ಜನರ ಮಾತನ್ನೇ ಕೂಡಿಟ್ಟು, ಒಪ್ಪ ಮಾಡಿ, ಅವರಿಗೇ ಕೊಟ್ಟರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಅವುಗಳ ತಳದಲ್ಲಿ ಬೇರೇನನ್ನೂ ಅಡಗಿಸಿಡಲಿಲ್ಲ.

‘ಅಡಗಿಸಿ’ ಎಂಬ ಮಾತೇ ನಮ್ಮನ್ನು ಚುಚ್ಚಿದ್ದು. ಒಂದು ದಿನ ನಮ್ಮಾಕೆ ನಲ್ಲಿಯ ಹತ್ತಿರ ಸಿಕ್ಕ ರಾಯರ ಮನೆಯ ವೈನಿಯವರನ್ನು ನೇರವಾಗಿ ಕೇಳಿಯೇಬಿಟ್ಟಳು. ಅವರು ಹೇಳಿದ್ದಿಷ್ಟು: “ಪುಸ್ತಕ ಕೊಟ್ಟಿದ್ದಕ್ಕ ಅವರಿಗೆ ಬ್ಯಾಸರಿಲ್ಲ. ಹಣ್ಣಿನ ಕೆಳಗ ಯಾಕ ಇಟ್ರಿ? ಕೈಯಾಗ ಕೊಟ್ಟಿದ್ರ ಕೈಯಾಗ ತಗೋತಿದ್ವಿ, ಇಲ್ಲಾ ಕೈಯಾಗ ಹೊಳ್ಳಿ ಕೊಡತಿದ್ವಿ.”

ಬಿ.ಎಸ್ಸಿ. ತರಗತಿಯಲ್ಲಿ ಬ್ಯೂರೆಟ್ಟಿನಿಂದ ಹನಿಹನಿಯಾಗಿ ಬಿಡಬೇಕಾದದ್ದನ್ನು ಆತುರಪಟ್ಟು ಸುರಿದು, ಇಡೀ ಪ್ರಯೋಗ ಕೆಡಿಸಿಕೊಂಡದ್ದು ನೆನಪಾಯಿತು. ಆ ಸಂಜೆಯೇ ಎದುರು ಮನೆಯ ಬಾಗಿಲು ತಟ್ಟಿ, “ತಪ್ಪಾಯಿತು ರಾಯರೇ” ಎಂದೆವು. ಅವರು ತಲೆಯಾಡಿಸಿ, “ಚಹಾ ತಗೋರಿ” ಎಂದರು. ಹೋಳಿಗೆ ಮರಳಿ ಬರಲು ಮತ್ತೊಂದು ಯುಗಾದಿ ಬೇಕಾಯಿತು.

2020ರ ಲಾಕ್‌ಡೌನಿನಲ್ಲಿ ವೈನಿಯವರು ಧಾರವಾಡದಲ್ಲೇ ಸಿಕ್ಕಿಬಿದ್ದರು. ರಾಯರು ಒಬ್ಬರೇ. ಹಾಲು, ಔಷಧಿ, ತರಕಾರಿಯ ಚೀಲವನ್ನು ದಿನವೂ ಅವರ ಬಾಗಿಲ ಚಿಲಕಕ್ಕೆ ನೇತುಹಾಕಿ ಬರುತ್ತಿದ್ದೆವು. ಒಂದು ಸಂಜೆ ಬಾಗಿಲು ಅರ್ಧ ತೆರೆದು, ಮೂಗಿಗೆ ಪಂಚೆಯ ಚುಂಗು ಹಿಡಿದು, ಅವರೇ ಕೇಳಿದರು: “ನಿಮ್ಮ ಯೇಸು, ಬ್ಯಾಡ ಅಂದವರಿಗೆ ಏನಂದಾ?”

ಮೆಟ್ಟಿಲ ಮೇಲೆ ನಿಂತೇ ಹೇಳಿದೆವು. ಸಮಾರ್ಯದ ಒಂದು ಹಳ್ಳಿಯವರು ಆತನನ್ನು ಒಳಗೆ ಸೇರಿಸಲಿಲ್ಲ. ಆಕಾಶದಿಂದ ಬೆಂಕಿ ಬೀಳಿಸಿ ಸುಡಲೇ ಎಂದು ಕೇಳಿದ ಶಿಷ್ಯರನ್ನು ಆತ ಗದರಿಸಿ, ಸುಮ್ಮನೆ ಮುಂದಿನ ಹಳ್ಳಿಗೆ ನಡೆದ. ಅಂಥವನೇ ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಜೊತೆಗಿದ್ದನೆಂದು ನಂಬಿದ್ದೇವೆ ಎಂದೂ ಹೇಳಿದೆವು. ಏಳು ವರ್ಷ ಗಂಟಲಲ್ಲಿದ್ದ ಮಾತು ಐದು ನಿಮಿಷದಲ್ಲಿ ಮುಗಿಯಿತು. ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂವಾ ಮುಂದಿನ ಊರಿಗೆ ಹೋದಾ. ನೀವು ಎದುರುಮನಿಯೊಳಗ ಉಳದ್ರಿ. ಚಲೋನ ಆತು ಬಿಡ್ರಿ” ಎಂದು ಬಾಗಿಲು ಹಾಕಿಕೊಂಡರು.

ರಾಯರು ತಮ್ಮ ಮತವನ್ನು ಬಿಡಲಿಲ್ಲ. ನಾವೂ ನಮ್ಮ ಪ್ರಾರ್ಥನೆಯನ್ನು ಬಿಟ್ಟಿಲ್ಲ. ಗುಮಾಸ್ತರಾದ್ದರಿಂದ ನಿಯಮ ನೋಡುವ ಚಟ ನಮಗೆ. ಸಂವಿಧಾನದ 25ನೆಯ ವಿಧಿ ಮತವನ್ನು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಅದು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೇಳುವ ಹಕ್ಕು ನಮ್ಮದು, ಒಲ್ಲೆನೆನ್ನುವ ಹಕ್ಕು ಕೇಳುವವರದು. ಒಲ್ಲೆನೆಂದ ಮೇಲೂ ನೆರೆಯವರಾಗಿ ಉಳಿಯುವುದನ್ನು ಮಾತ್ರ ಯಾವ ವಿಧಿಯೂ ಕಲಿಸದು. ಅದನ್ನು ನಾವೇ ಕಲಿಯಬೇಕು.

2021ರಲ್ಲಿ ರಾಯರು ನಿವೃತ್ತರಾಗಿ ಧಾರವಾಡಕ್ಕೆ ಹೊರಟರು. ಹಿಂದಿನ ಸಂಜೆ ವೈನಿಯವರು ಹಣ್ಣಿನ ತಟ್ಟೆ ಹಿಡಿದು ಬಂದರು. ನಮ್ಮಾಕೆ ಕೈಚಾಚುವ ಮೊದಲೇ ಎರಡು ಕಿತ್ತಳೆ ಎತ್ತಿ ತೋರಿಸಿ, “ಕೆಳಗ ಏನೂ ಇಲ್ಲ, ನೋಡಕೋರಿ!” ಎಂದು ನಕ್ಕರು. ಹಿಂದೆ ನಿಂತಿದ್ದ ರಾಯರೂ ನಕ್ಕರು. ನಮಗೆ ಮಾತ್ರ ನಗುವಿನ ಜೊತೆಗೆ ಕಣ್ಣೂ ಒದ್ದೆಯಾಯಿತು.