ಡಾಕ್ಟರು ಮನೆಗೆ ಬರುತ್ತಿದ್ದ ಕಾಲ

ನಾನು ಶ್ರೀನಿವಾಸಪುರದಲ್ಲಿ ಕಾಂಪೌಂಡರ್ ಆಗಿದ್ದಾಗ, ಅಪರಾತ್ರಿಯಲ್ಲಿ ಬಾಗಿಲು ಬಡಿದರೂ ನಮ್ಮ ಡಾಕ್ಟರು ಬ್ಯಾಗು ಎತ್ತಿಕೊಂಡು ಸ್ಕೂಟರ್ ಹತ್ತುತ್ತಿದ್ದರು. ಹಿಂದೆ ನಾನು. ರೋಣೂರು, ಯಲ್ದೂರು, ಕೆಲವೊಮ್ಮೆ ಮುಳಬಾಗಿಲು ಕಡೆಯ ಹಳ್ಳಿಗಳು.

"ಸಾರ್, ಮಗೂಗೆ ಮೈ ಕೆಂಡ ಆಗೈತೆ" ಅಂತ ತಾಯಿ ಅಳುತ್ತಿದ್ದರೆ, ಮೊದಲು ಮಗುವಿನ ಕೈ ಹಿಡಿದು ನೋಡುತ್ತಿದ್ದರು. ಆಮೇಲೆ ಹಿತ್ತಲಿಗೆ ಹೋಗಿ ನೀರಿನ ತೊಟ್ಟಿಗೆ ಟಾರ್ಚ್ ಬಿಡುತ್ತಿದ್ದರು. ಕ್ಲಿನಿಕ್ಕಿಗೆ ಮರಳಿದ ಮೇಲೆ ನೋಟ್‌ಬುಕ್ಕಿನಲ್ಲಿ ನಾನು ಬರೆಯಬೇಕು: ಊರು, ಬೀದಿ, ಜ್ವರವೋ ಭೇದಿಯೋ, ಕುಡಿಯುವ ನೀರು ಎಲ್ಲಿಯದು. ಒಂದೇ ಬೀದಿಯ ಹೆಸರು ಮತ್ತೆ ಮತ್ತೆ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಚೀಟಿ ಹೋಗುತ್ತಿತ್ತು. ಹೊಸ ಮಳೆ ನೀರಿಗೆ ವಾಂತಿಭೇದಿ, ಗೌರಿಹಬ್ಬ ಕಳೆದ ಮೇಲೆ ಜ್ವರ, ಧನುರ್ಮಾಸದಲ್ಲಿ ಮುದುಕರ ಉಬ್ಬಸ. ಆ ಪುಸ್ತಕ ತಿರುವಿದರೆ ವರ್ಷವೇ ಕಾಣುತ್ತಿತ್ತು.

ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದೆ. ನಲ್ಲಿ ನೀರು ಬಂದ ದಿನ ಡ್ರಮ್ಮು, ಸಂಪು, ಕೊಡ ಎಲ್ಲ ತುಂಬಿಸಿಡಲೇಬೇಕು. ಡೆಂಗಿ, ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಅಂಥ ನೀರಿನಲ್ಲೇ. 2006ರಲ್ಲಿ ಚಿಕೂನ್‌ಗುನ್ಯ ಬಂದಾಗ ಮನೆಮಂದಿಯೆಲ್ಲ ಗೋಡೆ ಹಿಡಿದು ನಡೆಯುತ್ತಿದ್ದುದನ್ನು ಕಂಡಿದ್ದೇನೆ. ಟೊಮೆಟೊ ಕೀಳಲು ಬಗ್ಗಲಾಗದೆ ಹೆಂಗಸರು ತೋಟದ ಬದುವಿನಲ್ಲೇ ಕುಳಿತುಬಿಡುತ್ತಿದ್ದರು.

ಆಮೇಲೆ ಡಾಕ್ಟರು ಮನೆಗೆ ಬರುವುದು ನಿಂತೇಹೋಯಿತು. 2008ರಲ್ಲಿ 108 ಆಂಬುಲೆನ್ಸ್ ಬಂತು. ಕಾಯಿಲೆ ಜೋರಾದರೆ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೋ ಟಮಕದ ಮೆಡಿಕಲ್ ಕಾಲೇಜಿಗೋ ಓಡುತ್ತಾರೆ. ಎಷ್ಟೋ ಜೀವ ಇದರಿಂದ ಉಳಿದಿವೆ. ರೋಗಗಳ ಲೆಕ್ಕಕ್ಕೂ 2004ರಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆ ಶುರುವಾಯಿತು. ಮಾಲೂರಿನ ಮಾಸ್ತಿಯ ಜ್ವರವೂ ಮುಳಬಾಗಿಲಿನ ನಂಗಲಿಯ ಜ್ವರವೂ ಒಂದೇ ಪಟ್ಟಿಗೆ ಬರುವುದು ನಮ್ಮ ನೋಟ್‌ಬುಕ್ಕಿನಿಂದ ಆಗದ ಕೆಲಸ.

ಆದರೆ ಖಾಸಗಿ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಹೋದವರೆಲ್ಲ ಆ ಲೆಕ್ಕಕ್ಕೆ ಸಿಗುವುದಿಲ್ಲ. ಹಿತ್ತಲಿನ ಡ್ರಮ್ಮಂತೂ ಯಾವ ಕ್ಲಿನಿಕ್ಕಿನಲ್ಲಿ ಕೂತರೂ ಕಾಣದು. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗಲೂ ಮನೆಮನೆಗೆ ಹೋಗಿ ತೊಟ್ಟಿಗೆ ಇಣುಕಿದವರು ಆಶಾ ಕಾರ್ಯಕರ್ತೆಯರು. ಜ್ವರದ ಕಾಲದಲ್ಲಾದರೂ ಅವರ ಜೊತೆ ಒಬ್ಬ ಡಾಕ್ಟರು ಬೀದಿಗಿಳಿಯಬೇಕು. ಆಶಾ ಅಕ್ಕ ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ. ಹಿತ್ತಲಿಗೆ ಕರೆದೊಯ್ಯಿರಿ, ಯಾರಿಗೆ ಜ್ವರವಿದೆ ಹೇಳಿ, ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ ಉಜ್ಜಿ ಒಣಗಿಸಿ.