ಗುಲಾಬಿ ಮನೆ ಇದ್ದ ಜಾಗ

"ಮಾವ, ಅಲ್ಲಿ ನೋಡೋಕೆ ಏನೂ ಇಲ್ಲ. ಬರೀ ಹುಲ್ಲು" ಎಂದ ನನ್ನ ತಂಗಿಯ ಮಗ.

"ಹಾಗಾದರೆ ಹುಲ್ಲನ್ನೇ ನೋಡಿ ಬರೋಣ, ನಡಿ" ಎಂದೆ.

2019ರ ಅಕ್ಟೋಬರ್ ತಿಂಗಳು. ದಸರಾ ರಜೆಯಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳು, ಸ್ವಾತಂತ್ರ್ಯ ದೇವಿಯ ಪ್ರತಿಮೆ, ವಸ್ತುಸಂಗ್ರಹಾಲಯ ಎಲ್ಲವನ್ನೂ ಮೊದಲ ವಾರದಲ್ಲೇ ತೋರಿಸಿ ಮುಗಿಸಿದ್ದರು. ತಂಗಿಯ ಮಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ. ಅಲ್ಲಿ ಪೌರನೀತಿಯಂಥ ಒಂದು ಪಾಠಕ್ಕೆ ಅವನು ಯಾವುದಾದರೂ ಕೋರ್ಟ್ ಮೊಕದ್ದಮೆಯ ಬಗ್ಗೆ ಪ್ರಬಂಧ ಬರೆಯಬೇಕಿತ್ತು. ಅವನು ಆರಿಸಿಕೊಂಡಿದ್ದ ಮೊಕದ್ದಮೆ ನಡೆದ ಊರು ಮನೆಯಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಪ್ರಯೋಗಶಾಲೆ ನೋಡದೆ ಪ್ರಯೋಗದ ವರದಿ ಬರೆಯುವ ಹುಡುಗರನ್ನು ವರ್ಷಗಟ್ಟಲೆ ಗದರಿಸಿದವನು ನಾನು, ಸುಮ್ಮನಿರಲಾದೀತೆ?

ಹಾಗೆ ನಾವು ಹೋದ ಊರು ನ್ಯೂ ಲಂಡನ್.

ಥೇಮ್ಸ್ ದಂಡೆಯಲ್ಲಿ

ನ್ಯೂಯಾರ್ಕಿಗೂ ಬಾಸ್ಟನ್ನಿಗೂ ನಡುವೆ, ಅಟ್ಲಾಂಟಿಕ್ ಕರಾವಳಿಯಲ್ಲಿರುವ ಸಣ್ಣ ಬಂದರು ಇದು. ಇಲ್ಲಿಯ ನದಿಗೂ ಇಂಗ್ಲೆಂಡಿನಿಂದ ಬಂದವರು ತಮ್ಮ ನದಿಯ ಹೆಸರನ್ನೇ ಇಟ್ಟರು. ಆದರೆ ಲಂಡನ್ನಿನವರು 'ಟೆಮ್ಸ್' ಎಂದರೆ ಇಲ್ಲಿಯವರು ಬರೆದಂತೆಯೇ ಓದಿ 'ಥೇಮ್ಸ್' ಎನ್ನುತ್ತಾರೆ. ಒಂದು ಕಾಲದಲ್ಲಿ ತಿಮಿಂಗಿಲ ಬೇಟೆಯಿಂದ ಸಿರಿವಂತವಾದ ಊರು. 1781ರಲ್ಲಿ ಬ್ರಿಟಿಷರ ಪಕ್ಷ ಸೇರಿದ ಬೆನೆಡಿಕ್ಟ್ ಅರ್ನಾಲ್ಡ್ ಇದಕ್ಕೆ ಬೆಂಕಿ ಇಡಿಸಿದ. ನಾಟಕಕಾರ ಯೂಜಿನ್ ಓನೀಲ್ ಬಾಲ್ಯ ಕಳೆದ ಮನೆ ಇಲ್ಲಿದೆ. ಸ್ವಾತಂತ್ರ್ಯ ಯುದ್ಧದಲ್ಲಿ ಗಲ್ಲಿಗೇರಿದ ನೇತನ್ ಹೇಲ್ ಮೇಷ್ಟರಾಗಿದ್ದ ಪುಟ್ಟ ಶಾಲೆಯೂ ಇದೆ. ನಾನು ಅದರ ಮುಂದೆ ಒಂದು ನಿಮಿಷ ಹೆಚ್ಚಾಗಿಯೇ ನಿಂತೆ. ನದಿಯ ಆಚೆ ದಂಡೆಯ ಗ್ರಾಟನ್‌ನಲ್ಲಿ ಜಗತ್ತಿನ ಮೊದಲ ಅಣುಶಕ್ತಿ ಜಲಾಂತರ್ಗಾಮಿ 'ನಾಟಿಲಸ್' ಪ್ರದರ್ಶನಕ್ಕಿದೆ. 1954ರಲ್ಲಿ ನೀರಿಗಿಳಿದ ಈ ಹಡಗನ್ನು ನೋಡಲು ವಿಜ್ಞಾನದ ವಿದ್ಯಾರ್ಥಿಗಳು ತಪ್ಪದೆ ಹೋಗಬೇಕು.

ನಮ್ಮ ಗುರಿ ಮಾತ್ರ ನದಿಯೊಳಕ್ಕೆ ಚಾಚಿಕೊಂಡಿರುವ ಒಂದು ಭೂಶಿರ, ಫೋರ್ಟ್ ಟ್ರಂಬುಲ್. ಅದರ ತುದಿಯಲ್ಲಿ ಹತ್ತೊಂಬತ್ತನೇ ಶತಮಾನದ ಕಲ್ಲಿನ ಕೋಟೆ. ಈಗ ಅದು ರಾಜ್ಯದ ಉದ್ಯಾನ. ಕೋಟೆಯ ಪಕ್ಕದಲ್ಲಿ ಅಚ್ಚುಕಟ್ಟಾದ ರಸ್ತೆ, ಕಾಲುದಾರಿ, ದೀಪದ ಕಂಬಗಳು. ಎಲ್ಲ ಇದೆ, ಮನೆಗಳು ಮಾತ್ರ ಇಲ್ಲ. ಮೊಣಕಾಲುದ್ದದ ಹುಲ್ಲಿನ ಮೇಲೆ ಸಮುದ್ರದ ಗಾಳಿ ಬೀಸುತ್ತಿತ್ತು. ಯಾರಿಗಾಗಿ ಈ ದೀಪಗಳು ಎಂದು ಕೇಳಬೇಕೆನಿಸಿತು.

ಮನೆಗಳು ಎಲ್ಲಿ ಹೋದವು?

ಕಥೆ ಹೀಗಿದೆ. 1990ರಲ್ಲೇ ರಾಜ್ಯ ಸರ್ಕಾರ ಈ ನಗರವನ್ನು 'ಸಂಕಷ್ಟಕ್ಕೀಡಾದ ಪುರಸಭೆ' ಎಂದು ಗುರುತಿಸಿತ್ತು. 1996ರಲ್ಲಿ ಫೋರ್ಟ್ ಟ್ರಂಬುಲ್‌ನಲ್ಲಿದ್ದ ನೌಕಾಪಡೆಯ ಸಂಶೋಧನಾ ಕೇಂದ್ರವನ್ನು ಮುಚ್ಚಿದಾಗ 1,500ಕ್ಕೂ ಹೆಚ್ಚು ಉದ್ಯೋಗಗಳು ಹೋದವು. 1998ರ ಹೊತ್ತಿಗೆ ನಗರದ ನಿರುದ್ಯೋಗ ರಾಜ್ಯದ ಸರಾಸರಿಗಿಂತ ಹೆಚ್ಚುಕಡಿಮೆ ಇಮ್ಮಡಿ. ಜನಸಂಖ್ಯೆ 24,000ಕ್ಕಿಂತ ಕೆಳಗೆ ಇಳಿದಿತ್ತು. ಅದೇ ವರ್ಷ ಫೈಜರ್ ಔಷಧ ಕಂಪನಿ ಪಕ್ಕದಲ್ಲೇ ದೊಡ್ಡ ಸಂಶೋಧನಾ ಕೇಂದ್ರ ಕಟ್ಟುವುದಾಗಿ ಘೋಷಿಸಿತು. ಬಾಯಾರಿದವನಿಗೆ ನೀರು ಕಂಡಂತಾಯಿತು.

ನಗರಾಡಳಿತ ಒಂದು ಅಭಿವೃದ್ಧಿ ನಿಗಮದ ಕೈಗೆ ಯೋಜನೆ ಕೊಟ್ಟಿತು. ನದಿ ದಂಡೆಯ 90 ಎಕರೆಯಲ್ಲಿ ಹೋಟೆಲ್, ಸಮ್ಮೇಳನ ಕೇಂದ್ರ, ಸುಮಾರು 80 ಹೊಸ ಮನೆಗಳು, ಕಚೇರಿಗಳು, ವಿಹಾರಪಥ. ಸಾವಿರಕ್ಕೂ ಹೆಚ್ಚು ಉದ್ಯೋಗ ಸೃಷ್ಟಿಯಾಗುತ್ತದೆ, ತೆರಿಗೆ ಬರುತ್ತದೆ ಎಂಬ ಲೆಕ್ಕ. 2000ದಲ್ಲಿ ಯೋಜನೆಗೆ ಒಪ್ಪಿಗೆ ದೊರೆಯಿತು. ಅಲ್ಲಿ ಆಗಲೇ ಸುಮಾರು 115 ಖಾಸಗಿ ಆಸ್ತಿಗಳಿದ್ದವು. ಹೆಚ್ಚಿನವರು ಮಾರಿ ಹೋದರು. ಒಂಬತ್ತು ಮಂದಿ, ಒಟ್ಟು 15 ಆಸ್ತಿಗಳ ಒಡೆಯರು, ಒಲ್ಲೆವೆಂದರು. ಆಗ ನಿಗಮ ಬಲವಂತದ ಸ್ವಾಧೀನಕ್ಕೆ ಕೈಹಾಕಿತು.

ಹಾಗೆ ಒಲ್ಲೆ ಎಂದವರಲ್ಲಿ ಸುಸೆಟ್ ಕೀಲೋ ಎಂಬ ದಾದಿ ಒಬ್ಬರು. 1997ರಲ್ಲಿ ನೀರು ಕಾಣುವ ಒಂದು ಹಳೆಯ ಮರದ ಮನೆ ಕೊಂಡು, ದುರಸ್ತಿ ಮಾಡಿ, ಗುಲಾಬಿ ಬಣ್ಣ ಬಳಿಸಿದ್ದರು. ಇನ್ನೊಬ್ಬರು ವಿಲ್‌ಹೆಲ್ಮಿನಾ ಡೆರಿ. 1918ರಲ್ಲಿ ಹುಟ್ಟಿದ್ದು ಅದೇ ಮನೆಯಲ್ಲಿ, ಬದುಕಿದ್ದೂ ಅದೇ ಮನೆಯಲ್ಲಿ. ಈ ಮನೆಗಳು ಪಾಳುಬಿದ್ದಿವೆ, ಕೊಳಕಾಗಿವೆ ಎಂದು ಯಾರೂ ಆರೋಪಿಸಲಿಲ್ಲ. ಯೋಜನೆಯ ನಕ್ಷೆಯೊಳಗೆ ಬಿದ್ದದ್ದೇ ಅವುಗಳ ತಪ್ಪು. ಆದರೆ ಅದೇ ಬಡಾವಣೆಯ 'ಇಟಾಲಿಯನ್ ಡ್ರಮಾಟಿಕ್ ಕ್ಲಬ್' ಎಂಬ, ರಾಜಕೀಯದವರ ಒಡನಾಟವಿದ್ದ ಸಂಘದ ಕಟ್ಟಡವನ್ನು ಮಾತ್ರ ಉಳಿಸಲಾಯಿತು. ನಕ್ಷೆ ಬರೆಯುವ ಪೆನ್ಸಿಲಿಗೂ ಮುಖ ನೋಡಿ ಬಾಗುವ ಗುಣವಿದೆ!

ಒಂದು ಪದದ ಅರ್ಥ

"ಮಾವ, ಸರ್ಕಾರ ಪರಿಹಾರ ಕೊಡುತ್ತೆ ಅಲ್ವಾ? ಮತ್ತೇಕೆ ಜಗಳ?" ಹುಲ್ಲಿನ ನಡುವೆ ನಿಂತು ಹುಡುಗ ಕೇಳಿದ. ಪ್ರಬಂಧ ಬರೆಯುವವನು ಅವನು. ಉತ್ತರವನ್ನೂ ಅವನಿಂದಲೇ ಹೇಳಿಸಿದೆ.

ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿ 1791ರದು. ಖಾಸಗಿ ಆಸ್ತಿಯನ್ನು 'ಸಾರ್ವಜನಿಕ ಬಳಕೆ'ಗೆ ತೆಗೆದುಕೊಂಡರೆ ನ್ಯಾಯವಾದ ಪರಿಹಾರ ಕೊಡಬೇಕೆಂದು ಅದು ಹೇಳುತ್ತದೆ. ರಸ್ತೆ, ರೈಲು, ಸೇತುವೆ, ಕೋಟೆ ಇವೆಲ್ಲ ಸಾರ್ವಜನಿಕ ಬಳಕೆ, ಅದರಲ್ಲಿ ತಕರಾರಿಲ್ಲ. ಒಬ್ಬರ ಮನೆ ಕಿತ್ತು ಇನ್ನೊಬ್ಬ ಖಾಸಗಿಯವನಿಗೆ ಕೊಟ್ಟು, ಅವನಿಂದ ಹೆಚ್ಚು ತೆರಿಗೆ ಬರುತ್ತದೆ ಎಂದರೆ ಅದೂ 'ಸಾರ್ವಜನಿಕ ಬಳಕೆ'ಯೇ? ಪ್ರಶ್ನೆ ಇಷ್ಟೇ.

2005ರ ಜೂನ್ 23ರಂದು ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ 'ಹೌದು' ಎಂದಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಟೀವನ್ಸ್, ಆರ್ಥಿಕ ಅಭಿವೃದ್ಧಿ ಸರ್ಕಾರದ ಹಳೆಯ ಕರ್ತವ್ಯವೇ. ವಿಚಾರ ಮಾಡಿ ಸಿದ್ಧಪಡಿಸಿದ ಯೋಜನೆಯನ್ನು ಕೋರ್ಟು ಎರಡನೇ ಸಲ ಅಳೆಯಬಾರದು. ಬೇಕಾದರೆ ರಾಜ್ಯಗಳೇ ಬಿಗಿಯಾದ ಕಾನೂನು ಮಾಡಿಕೊಳ್ಳಲಿ ಎಂದರು. ಭಿನ್ನಮತ ಬರೆದವರು ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್. ಹೀಗಾದರೆ ಸಣ್ಣ ವಸತಿಗೃಹವನ್ನು ಕಿತ್ತು ಐಷಾರಾಮಿ ಹೋಟೆಲಿಗೂ, ಹೊಲವನ್ನು ಕಿತ್ತು ಕಾರ್ಖಾನೆಗೂ ಕೊಡಬಹುದು, ಯಾರ ಆಸ್ತಿಯೂ ಕ್ಷೇಮವಲ್ಲ ಎಂಬುದು ಅವರ ವಾದ. 1984ರ ಹವಾಯಿ ಮೊಕದ್ದಮೆಯಲ್ಲಿ ಸರ್ಕಾರದ ಅಧಿಕಾರವನ್ನು ವಿಶಾಲವಾಗಿ ಎತ್ತಿಹಿಡಿದಿದ್ದ ತೀರ್ಪು ಕೂಡ ಅವರದೇ! ಹಳೆಯ ಸೂತ್ರವನ್ನು ಹೊಸ ಸಂದರ್ಭಕ್ಕೆ ಹಚ್ಚಿದಾಗ ಎಲ್ಲಿಗೆ ತಲುಪುತ್ತದೆಂದು ಕಂಡು ಅವರು ಗೆರೆ ಎಳೆದರು. ನ್ಯಾಯಮೂರ್ತಿ ಥಾಮಸ್ ಪ್ರತ್ಯೇಕವಾಗಿ ಬರೆದು, ಇಂಥ ಸ್ವಾಧೀನದ ಏಟು ಹೆಚ್ಚಾಗಿ ಬಡವರ ಮೇಲೆಯೇ ಬೀಳುತ್ತದೆಂದು ಎಚ್ಚರಿಸಿದರು.

ಆವರಣದೊಳಗಿನ ವಾಕ್ಯ

ತೀರ್ಪಿನ ಮರುದಿನ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಸಂಪಾದಕೀಯ ಅದನ್ನು ಸ್ವಾಗತಿಸಿತು. ಕೆಲವು ಸಣ್ಣ ಆಸ್ತಿಗಾರರಿಗೆ ತೊಂದರೆಯಾದೀತು, ಪರಿಹಾರ ಸಿಗುತ್ತದೆ, ಊರಿನ ಬಹಳ ಜನಕ್ಕೆ ಒಳಿತಾಗುತ್ತದೆ ಎಂಬ ಧಾಟಿ. ಹುಡುಗ ಅದನ್ನು ತನ್ನ ಫೋನಿನಲ್ಲಿ ತೆಗೆದು ತೋರಿಸಿದ. ನಾನು ಓದುತ್ತ ಹೋದೆ. ನಡುವೆ ಆವರಣ ಚಿಹ್ನೆಯೊಳಗೆ ಒಂದು ವಾಕ್ಯವಿತ್ತು: ಪತ್ರಿಕೆ ತನ್ನ ಹೊಸ ಕಟ್ಟಡಕ್ಕೆ ಜಾಗ ತೆರವು ಮಾಡಿಸುವಾಗ ತಾನೂ ಇದೇ ಬಗೆಯ ಸ್ವಾಧೀನದ ಪ್ರಯೋಜನ ಪಡೆದಿದೆ ಎಂಬ ಒಪ್ಪಿಗೆ.

ಹಿಂದಿನ ವಾರವಷ್ಟೇ ನ್ಯೂಯಾರ್ಕಿನ ಎಂಟನೇ ಅವೆನ್ಯೂದಲ್ಲಿ, ಬಸ್ ನಿಲ್ದಾಣದ ಎದುರು ನಿಂತು, ಕತ್ತು ನೋಯುವಷ್ಟು ತಲೆ ಎತ್ತಿ ನೋಡಿದ್ದ 52 ಅಂತಸ್ತಿನ ಕಟ್ಟಡ ಅದೇ! 2007ರಲ್ಲಿ ಅದು ತೆರೆಯಿತು.

ಅದನ್ನು ಮುಚ್ಚಿಡಲಿಲ್ಲವಲ್ಲ, ಪ್ರಾಮಾಣಿಕತೆ ಮೆಚ್ಚಬೇಕು. ಆದರೂ ಆ ವಾಕ್ಯ ಇರಬೇಕಾದದ್ದು ಆವರಣದೊಳಗೋ, ಮೊದಲ ಸಾಲಿನಲ್ಲೋ? ಪತ್ರಿಕೆಗಳ ಪಕ್ಷಪಾತ ಎಂದರೆ ಸುಳ್ಳು ಬರೆಯುವುದೆಂದೇ ನಾವು ತಿಳಿಯುತ್ತೇವೆ. ಎಷ್ಟೋ ಸಲ ಬರೆದದ್ದೆಲ್ಲ ನಿಜವೇ ಇರುತ್ತದೆ. ಯಾವುದು ದಪ್ಪಕ್ಷರ, ಯಾವುದು ಆವರಣ ಎಂಬುದರಲ್ಲಿ ವಾಲಿಕೆ ಇರುತ್ತದೆ. ಇದು ಒಂದೇ ಬದಿಯ ರೋಗವೂ ಅಲ್ಲ. ತೀರ್ಪನ್ನು ಖಂಡಿಸಿದ ಸಂಪ್ರದಾಯವಾದಿಗಳ ಲೇಖನಗಳನ್ನೂ ನಾವು ಓದಿದೆವು. ನಾವು ಓದಿದ ಹಲವುಗಳಲ್ಲಿ ಗುಲಾಬಿ ಮನೆಗೆ ದೊಡ್ಡ ಜಾಗವಿತ್ತು. ಕೆಲಸ ಕಳೆದುಕೊಂಡ 1,500 ಜನ ಒಂದು ಸಾಲಿಗೂ ಬಂದಿರಲಿಲ್ಲ.

ಓದುಗರು ಮಾತ್ರ ಸಂಪಾದಕೀಯದ ಮಾತು ಕೇಳಲಿಲ್ಲ. ಆ ವಾರವೇ ಅಮೆರಿಕದ ಪ್ರತಿನಿಧಿ ಸಭೆ 365-33 ಮತಗಳಿಂದ ತೀರ್ಪಿಗೆ ಅಸಮ್ಮತಿ ಸೂಚಿಸಿತು. ಕರಿಯರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಸ್ಥೆ ಮೊದಲೇ ಕೀಲೋ ಪರ ವಾದ ಸಲ್ಲಿಸಿತ್ತು. ಎಡದವರೂ ಬಲದವರೂ ಹೀಗೆ ಒಂದೇ ಸಾಲಿನಲ್ಲಿ ನಿಲ್ಲುವುದು ಆ ದೇಶದಲ್ಲಿ ಅಪರೂಪ. ಮುಂದಿನ ವರ್ಷಗಳಲ್ಲಿ 40ಕ್ಕೂ ಹೆಚ್ಚು ರಾಜ್ಯಗಳು ತಮ್ಮ ಸ್ವಾಧೀನ ಕಾನೂನು ತಿದ್ದಿಕೊಂಡವು; ಕೆಲವು ಗಟ್ಟಿಯಾಗಿ, ಕೆಲವು ಹೆಸರಿಗೆ.

ಲೆಕ್ಕ ತಪ್ಪಿದ್ದು

ಕೋರ್ಟಿನಲ್ಲಿ ಗೆದ್ದ ನಗರಕ್ಕೆ ಸಿಕ್ಕಿದ್ದೇನು? ಹಣಕಾಸಿನ ಮುಗ್ಗಟ್ಟಿನಲ್ಲಿ ಹೋಟೆಲ್ ಕಟ್ಟುವವರು ಮುಂದೆ ಬರಲಿಲ್ಲ. 2009ರ ನವೆಂಬರಿನಲ್ಲಿ ಫೈಜರ್ ಕಂಪನಿಯೇ ನ್ಯೂ ಲಂಡನ್ ಬಿಟ್ಟು ನದಿಯಾಚೆಯ ಗ್ರಾಟನ್ನಿಗೆ ಹೋಗುವುದಾಗಿ ಸಾರಿತು. ಅದರ ಕಟ್ಟಡವನ್ನು ಜಲಾಂತರ್ಗಾಮಿ ತಯಾರಿಸುವ 'ಎಲೆಕ್ಟ್ರಿಕ್ ಬೋಟ್' ಕಂಪನಿ ಕೊಂಡಿತು. ಮನೆಗಳಿದ್ದ ನೆಲ ಹುಲ್ಲು ಬೆಳೆದು, ಬೀಡಾಡಿ ಬೆಕ್ಕುಗಳ ಬಿಡಾರವಾಯಿತು. 2011ರ ಐರೀನ್ ಚಂಡಮಾರುತದ ನಂತರ ಬಿದ್ದ ಮರಗಳ ಕಸವನ್ನು ತಂದು ಸುರಿಯಲು ನಗರ ಅದನ್ನು ಬಳಸಿಕೊಂಡಿತು. 'ಸಾರ್ವಜನಿಕ ಬಳಕೆ' ಕೊನೆಗೂ ಆಯಿತು! ನಾವು ಹೋಗಿಬಂದ ಮೇಲೆ, ಈಚಿನ ವರ್ಷಗಳಲ್ಲಿ ಅಲ್ಲಿ ಕಟ್ಟಡದ ಕೆಲಸಗಳು ಆರಂಭವಾಗಿವೆ. ಒಳ್ಳೆಯದೇ. ಆದರೆ ಆ ತುರ್ತು ಯಾವುದಿತ್ತೋ, ಅದು ತೀರಲು ಇಷ್ಟು ವರ್ಷ ಕಾಯಬಹುದಿತ್ತೆಂದಾಯಿತು.

ವಿಲ್‌ಹೆಲ್ಮಿನಾ ಡೆರಿ 2006ರಲ್ಲಿ, ಮನೆ ಬಿಡುವ ಮೊದಲೇ, ತೀರಿಕೊಂಡರು. ಕೀಲೋ ಊರು ಬಿಟ್ಟರು. ಅವರ ಮನೆಯನ್ನು ಹಳೆಯ ಮನೆಗಳನ್ನು ಉಳಿಸುವ ಗೀಳಿನವರೊಬ್ಬರು ಒಂದು ಡಾಲರಿಗೆ ಕೊಂಡು, ಬಿಚ್ಚಿ, ಅದೇ ಊರಿನ ಫ್ರಾಂಕ್ಲಿನ್ ಬೀದಿಯಲ್ಲಿ ಮರುಜೋಡಿಸಿದರು. ನಾವು ಅಲ್ಲಿಗೂ ಹೋದೆವು. ಗುಲಾಬಿ ಬಣ್ಣದ ಪುಟ್ಟ ಮನೆ. ಆದರೆ ಅಲ್ಲಿಂದ ನೀರು ಕಾಣುವುದಿಲ್ಲ.

ಅಜ್ಜನ ಮನೆ

ವಾಪಸು ಬರುವಾಗ ಕಾರಿನಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. ಮಲೆನಾಡಿನ ಒಂದು ಅಣೆಕಟ್ಟೆಯ ಮುಳುಗಡೆಯಲ್ಲಿ ನನ್ನ ಅಜ್ಜನ ಮನೆ, ತೋಟ ಎಲ್ಲ ಹೋದದ್ದು ನಾನು ಹುಟ್ಟುವ ಮೊದಲು. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜ ನಮ್ಮನ್ನು ದಂಡೆಗೆ ಕರೆದೊಯ್ದು, "ಅಗೋ, ಅಲ್ಲೊಂದು ಹಲಸಿನ ಮರ ಇತ್ತು" ಎಂದು ಬರೀ ನೀರನ್ನು ತೋರಿಸುತ್ತಿದ್ದರು. ಪರಿಹಾರದ ಹಣ ಬಂದು ಖರ್ಚಾಗಿಹೋಗಿತ್ತು. ಆದರೂ ಅಜ್ಜ ಯಾರನ್ನೂ ಬೈದದ್ದು ನನಗೆ ನೆನಪಿಲ್ಲ. "ನಾಡಿಗೆಲ್ಲ ದೀಪ ಬರ್ತದೆ ಅಂದ್ರು, ಬಿಟ್ಟುಕೊಟ್ವಿ" ಎನ್ನುತ್ತಿದ್ದರು. ದೀಪ ಬಂದದ್ದು ನಿಜ. ನಾನು ಓದಿದ್ದು ಅದರ ಬೆಳಕಿನಲ್ಲೇ. 'ಅಲ್ಲೊಂದು ಹೋಟೆಲ್ ಬರ್ತದೆ' ಎಂದಿದ್ದರೆ ಅಜ್ಜ ಏನೆನ್ನುತ್ತಿದ್ದರೋ!

ನಮ್ಮಲ್ಲಿ 1978ರ ನಲವತ್ತನಾಲ್ಕನೇ ತಿದ್ದುಪಡಿಯೊಂದಿಗೆ ಆಸ್ತಿ ಮೂಲಭೂತ ಹಕ್ಕಾಗಿ ಉಳಿಯಲಿಲ್ಲ. 1894ರ ಭೂಸ್ವಾಧೀನ ಕಾಯ್ದೆಯ ಜಾಗಕ್ಕೆ ಬಂದ 2013ರ ಕಾಯ್ದೆ, ಖಾಸಗಿ ಕಂಪನಿಗಾಗಿ ಭೂಮಿ ಪಡೆಯುವಾಗ ಬಾಧಿತ ಕುಟುಂಬಗಳಲ್ಲಿ ಶೇ. 80ರಷ್ಟು ಒಪ್ಪಬೇಕೆಂದು ಹೇಳಿತು. ಒಳ್ಳೆಯ ಮಾತು. ಆದರೆ 'ಸಾರ್ವಜನಿಕ ಉದ್ದೇಶ' ಎಂಬ ಪದದ ಅರ್ಥ ಹಿಗ್ಗುತ್ತಲೇ ಹೋಗುವುದನ್ನು ಕಾಯುತ್ತ ಕೂರಬೇಕಾದವರು ಕಾನೂನಲ್ಲ, ನಾವು. ಸರ್ಕಾರ ಬೇಕು, ಅಭಿವೃದ್ಧಿಯೂ ಬೇಕು. ಅಳತೆಪಟ್ಟಿ ಮಾತ್ರ ಸರ್ಕಾರದ ಕೈಯಲ್ಲಷ್ಟೇ ಇರಬಾರದು.

ಊರಿಗೆ ಮರಳಿದ ತಿಂಗಳ ಮೇಲೆ ಹುಡುಗ ಪ್ರಬಂಧ ಕಳಿಸಿದ್ದ. ಎರಡೂ ಕಡೆಯ ವಾದ ಚೆನ್ನಾಗಿ ಬರೆದಿದ್ದ. ನಗರದ ನಿರುದ್ಯೋಗವನ್ನೂ ಬಿಟ್ಟಿರಲಿಲ್ಲ. ಒಂದು ಪುಟದ ನಡುವೆ ಆವರಣ ಹಾಕಿ, 'ಲೇಖಕನ ಮುತ್ತಜ್ಜನ ಮನೆ ಭಾರತದಲ್ಲಿ ಒಂದು ಅಣೆಕಟ್ಟೆಯಲ್ಲಿ ಮುಳುಗಿದೆ' ಎಂದು ಸೇರಿಸಿದ್ದ.

ನಾನು ಆ ಆವರಣಕ್ಕೆ ಕೆಂಪು ಗುರುತು ಹಾಕಿ ವಾಪಸು ಬರೆದೆ: "ಇದನ್ನು ಮೊದಲ ಸಾಲಿಗೆ ತಾ."